ಅಪ್ಪನ ದೇಹದಾನ: ಫಾರ್ಮ್ ತಂದ ದಿನದಿಂದ ಕೊನೆಯ ರಸೀದಿಯವರೆಗೆ

ಅಪ್ಪ ತೀರಿಕೊಂಡು ಇವತ್ತಿಗೆ ಐವತ್ತೊಂದು ದಿನ.

ನಮ್ಮ ಕಡೆ ಕ್ರೈಸ್ತರ ಮನೆಯಲ್ಲಿ ಸಾವಾದರೆ ಮುಂದೇನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಸಭಾಪಾಲಕರಿಗೆ, ಅಂದರೆ ಚರ್ಚಿನ ಪಾದ್ರಿಗೆ, ಒಂದು ಫೋನ್, ಪೆಟ್ಟಿಗೆ ಮಾಡುವವರಿಗೆ ಒಂದು, ಕುಣಿ ತೋಡುವವರಿಗೆ ಒಂದು. ಉಳಿದದ್ದನ್ನು ಸಭೆಯವರೇ ನೋಡಿಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಹಾಗಾಗಲಿಲ್ಲ. ಅಪ್ಪ ತಮ್ಮ ದೇಹವನ್ನು ವೈದ್ಯಕೀಯ ಕಾಲೇಜಿಗೆ ಬರೆದಿಟ್ಟಿದ್ದರು. ಅದನ್ನು ಮುಟ್ಟಿಸುವವರೆಗೆ ಯಾರನ್ನು ಕೇಳಬೇಕು, ಯಾವ ಕಾಗದ ಬೇಕು ಅಂತ ಹೇಳುವವರು ನಮಗೆ ಸಿಗಲಿಲ್ಲ. ಕೇಳಿದವರೆಲ್ಲ "ಅಯ್ಯೋ, ನಮ್ಮವರು ಯಾರೂ ಕೊಟ್ಟಿಲ್ಲಲ್ಲ" ಅಂದರು. ಮುಂದೆ ಯಾವುದಾದರೂ ಮನೆಯಲ್ಲಿ ಇದೇ ಮಾತು ಬಂದಾಗ ಅವರಿಗೆ ಇಷ್ಟಾದರೂ ಗೊತ್ತಿರಲಿ ಅಂತ ಎಲ್ಲ ಬರೆದಿಡುತ್ತಿದ್ದೇನೆ.

ಅಪ್ಪ ಬೆಟಗೇರಿಯ ಮಿಷನ್ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. ಗದಗಿನ ಹಳೆಯ ಜನ ಅದನ್ನು ಈಗಲೂ ಜರ್ಮನ್ ದವಾಖಾನೆ ಅಂತಲೇ ಕರೆಯುತ್ತಾರೆ. ಮೂವತ್ತು ವರ್ಷಕ್ಕೂ ಜಾಸ್ತಿ ಅಲ್ಲೇ ದುಡಿದರು. ಅಮ್ಮ 2016ರಲ್ಲಿ ಹೋದ ಮೇಲೆ ಹುಬ್ಬಳ್ಳಿಗೆ, ಕೇಶ್ವಾಪುರದ ನಮ್ಮ ಮನೆಗೆ ಬಂದರು. ಅಮ್ಮನ ಸಮಾಧಿ ಬೆಟಗೇರಿಯಲ್ಲಿದೆ. ಪಕ್ಕದಲ್ಲಿ ಒಂದು ಆಳು ಮಲಗುವಷ್ಟು ಜಾಗ ಖಾಲಿ ಬಿಟ್ಟಿದ್ದೆವು. ಅದು ಅಪ್ಪನಿಗೆ ಅಂತ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

2022ರಲ್ಲಿ ಒಂದು ಸಂಜೆ, ಪ್ರಾರ್ಥನೆ ಮುಗಿದು ಊಟಕ್ಕೆ ಕೂತಾಗ, ಅಪ್ಪ ಮೆಲ್ಲಗೆ ಹೇಳಿದರು: "ನನ್ನ ಮಣ್ಣ ಮಾಡಬ್ಯಾಡ್ರಿ. ಡಾಕ್ಟರ್ ಕಲಿಯೋ ಹುಡುಗ್ರಿಗೆ ಕೊಡ್ರಿ."

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಯಾಕೆ ಅಂತ ಕೇಳಿದೆ. ಅವರು ಹೇಳಿದ್ದು ಇಷ್ಟೇ: "ಇಷ್ಟು ವರ್ಷ ಯಾರೂ ಇಲ್ಲದವರ ಹೆಣದ ಮ್ಯಾಲೆ ಕಲ್ತು ಡಾಕ್ಟರ್ ಆಗ್ಯಾರ. ಎಲ್ಲಾರೂ ಇದ್ದಾಂವ ಒಬ್ಬ ಹೋಗ್ಲಿ."

ಆಮೇಲೆ ತಿಳಿದುಕೊಂಡೆ, ಅವರ ಮಾತು ನಿಜ. ಕರ್ನಾಟಕದಲ್ಲಿ 1957ರ ಅಂಗರಚನಾ ಕಾಯ್ದೆ ಅಂತ ಒಂದಿದೆ. ವಾರಸುದಾರರು ಬಾರದ ದೇಹಗಳನ್ನು ಕಾಲೇಜಿಗೆ ಕೊಡುವುದು ಅದರ ಪ್ರಕಾರವೇ. ಬಸ್ ಸ್ಟ್ಯಾಂಡಿನಲ್ಲಿ ಸತ್ತವರು, ಆಸ್ಪತ್ರೆಯಲ್ಲಿ ಬಿಟ್ಟುಹೋದವರು. ಬಡವರು ಸತ್ತ ಮೇಲೂ ಕೊಟ್ಟೇ ಹೋಗಿದ್ದಾರೆ, ಅವರನ್ನು ಕೊಡುತ್ತೀರಾ ಅಂತ ಯಾರೂ ಕೇಳಲಿಲ್ಲ. ಅಪ್ಪ ಅಂಥ ಎಷ್ಟೋ ಜನರ ಮೈ ಒರೆಸಿ ಬಟ್ಟೆ ಸುತ್ತಿದ್ದರು. ಕ್ರಿಸ್ತನು ತನ್ನನ್ನು ಕೊಟ್ಟ ಅಂತ ವಾರಾವಾರ ಹಾಡುವ ನಾವು ಈ ಸಾಲಿನಲ್ಲಿ ಒಮ್ಮೆಯೂ ನಿಂತಿಲ್ಲವಲ್ಲ ಅನ್ನುವುದು ಅವರ ಮನಸ್ಸಿನಲ್ಲಿ ಬಹಳ ವರ್ಷದಿಂದ ಇತ್ತಂತೆ.

ನನಗೆ ಒಪ್ಪಿಗೆ ಇರಲಿಲ್ಲ. ಅದನ್ನು ಮುಚ್ಚಿಡುವುದಿಲ್ಲ. ಅಪ್ಪ ಔಷಧಿಯ ನೀರಿನಲ್ಲಿ ಮುಳುಗಿ ಮಲಗಿದ ಹಾಗೆ ಕನಸು ಬೀಳುತ್ತಿತ್ತು. ಎದ್ದು ಕೂತು ಅಳುತ್ತಿದ್ದೆ. ಎರಡು ತಿಂಗಳು ಆ ಮಾತೇ ಎತ್ತಲಿಲ್ಲ. ಅವರೂ ಒತ್ತಾಯ ಮಾಡಲಿಲ್ಲ. ಕೊನೆಗೆ ನಾನೇ ಕಾಲೇಜಿಗೆ ಹೋಗಿ ಫಾರ್ಮ್ ತಂದೆ.

ಫಾರ್ಮ್ ಸಿಗುವುದು ಅನಾಟಮಿ, ಅಂದರೆ ಅಂಗರಚನಾ ವಿಭಾಗದಲ್ಲಿ. ನಮ್ಮ ಭಾಗದವರಿಗೆ ಈಗ ದೂರ ಹೋಗುವ ಕೆಲಸವಿಲ್ಲ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಎಲ್ಲ ಕಡೆಯೂ ವೈದ್ಯಕೀಯ ಕಾಲೇಜು ಇವೆ. ಮನೆಗೆ ಹತ್ತಿರದ್ದನ್ನೇ ಆರಿಸಿಕೊಳ್ಳಿ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಮೊದಲ ಸಲ ಹೋದಾಗ ಗುಮಾಸ್ತರು ರಜೆ. ಎರಡನೇ ಸಲ ಫಾರ್ಮ್ ಸಿಕ್ಕಿತು, ಅದಕ್ಕೆ ದುಡ್ಡಿಲ್ಲ. ಕೇಳಿದ್ದು ಆಧಾರ್ ಪ್ರತಿ, ಎರಡು ಫೋಟೊ, ಇಬ್ಬರು ಸಾಕ್ಷಿ, ಮಕ್ಕಳ ಒಪ್ಪಿಗೆಯ ಸಹಿ. ನಮ್ಮ ಕಾಲೇಜಿನವರು ಸ್ಟ್ಯಾಂಪ್ ಪೇಪರಿನ ಮೇಲೆ ಅಫಿಡವಿಟ್ ಕೂಡ ಕೇಳಿದರು. ನೋಟರಿ ಸೇರಿ 350 ರೂಪಾಯಿ ಆಯಿತು. ಎಲ್ಲ ಕಡೆ ಇದನ್ನು ಕೇಳುವುದಿಲ್ಲ, ಹೋಗುವ ಮೊದಲೇ ವಿಚಾರಿಸಿ.

ಇನ್ನೊಂದು ವಿಷಯ. ಬದುಕಿದ್ದಾಗ ಎಷ್ಟೇ ಕಾಗದ ಮಾಡಿಟ್ಟರೂ, ಸತ್ತ ಮೇಲೆ ಮನೆಯವರು ಬೇಡ ಅಂದರೆ ಕಾಲೇಜಿನವರು ಒಯ್ಯುವುದಿಲ್ಲ. ಅಲ್ಲಿನ ಮೇಡಂ ಇದನ್ನು ಮೊದಲ ದಿನವೇ ಸ್ಪಷ್ಟವಾಗಿ ಹೇಳಿದರು. "ದೇಹದಾನದ ಕಾರ್ಡ್ ಇದ್ದರೆ ಆಯ್ತು ಅಂದ್ಕೋಬೇಡಿ. ಮನೆಯಲ್ಲಿ ಒಬ್ಬರು ತಕರಾರು ತೆಗೆದರೂ ನಾವು ವಾಪಸ್ ಬರ್ತೀವಿ."

ನಮ್ಮ ಮನೆಯಲ್ಲಿ ಆ ಒಬ್ಬ ನನ್ನ ತಮ್ಮ.

ತಮ್ಮ ಪುಣೆಯಲ್ಲಿದ್ದಾನೆ. ಫೋನಿನಲ್ಲಿ ಹೇಳಿದ ಕೂಡಲೇ ಸಿಟ್ಟಾದ. "ಅಕ್ಕಾ, ನಾ ಹೂವು ಎಲ್ಲಿ ಇಡ್ಲಿ? ಅವ್ವನ ಬಾಜು ಜಾಗ ಬಿಟ್ಟಿದ್ದು ಯಾಕ?" ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಅದು ನನ್ನ ಪ್ರಶ್ನೆಯೂ ಆಗಿತ್ತು. ಅವನ ಸಹಿ ಇಲ್ಲದೆಯೂ ಫಾರ್ಮ್ ಕೊಡಬಹುದಿತ್ತು, ನನ್ನದೊಂದು ಸಾಕು ಅಂದಿದ್ದರು. ಅಪ್ಪ ಕೇಳಲಿಲ್ಲ. "ಮಗನ ಮನಸ್ಸು ಮುರದು ಕೊಟ್ರ ಅದು ಕಾಣಿಕಿ ಆಗೂದಿಲ್ಲ. ಅಂವಗ ಟೈಮ್ ಕೊಡು." ಹಾಗಾಗಿ ಆ ಫಾರ್ಮ್ ಒಂದು ಸಹಿ ಖಾಲಿ ಇಟ್ಟುಕೊಂಡು ಅಪ್ಪನ ಸತ್ಯವೇದದೊಳಗೆ ಎರಡೂವರೆ ವರ್ಷ ಕೂತಿತು.

ಸಭೆಗೆ ಸುದ್ದಿ ಹೋಗಿದ್ದು ಹೇಗೋ ಗೊತ್ತಿಲ್ಲ. ಒಬ್ಬ ಹಿರಿಯರು ಮನೆಗೇ ಬಂದರು. ಅಪ್ಪನ ಮೇಲೆ ಪ್ರೀತಿ ಇದ್ದವರೇ, ನೊಂದುಕೊಂಡು ಬಂದಿದ್ದರು. "ಬಾಸೆಲ್ ಮಿಷನ್‌ನವರು 1839ರಲ್ಲಿ ಹುಬ್ಬಳ್ಳಿಗೆ ಬಂದ್ರು, 1841ರಲ್ಲಿ ನಿಮ್ಮ ಬೆಟಗೇರಿಗೆ ಬಂದ್ರು. ಅವತ್ತಿಂದ ಇವತ್ತಿನ ತನಕ ನಮ್ಮವರೆಲ್ಲ ಮಣ್ಣಿಗೇ ಹೋಗ್ಯಾರ. ಪುನರುತ್ಥಾನದ ದಿನ ನೀವು ಎಲ್ಲಿಂದ ಏಳ್ತೀರಿ?" ಅಂದರು.

ಅಪ್ಪ ವಾದಕ್ಕೆ ಇಳಿಯಲಿಲ್ಲ. ಕೊರಿಂಥದವರಿಗೆ ಪೌಲನು ಬರೆದ ಮೊದಲ ಪತ್ರ, 15ನೇ ಅಧ್ಯಾಯ ತೆಗೆದು ಅವರ ಮುಂದೆ ಇಟ್ಟರು. ಬಿತ್ತುವ ಕಾಳೇ ಬೇರೆ, ಏಳುವ ಪೈರೇ ಬೇರೆ ಅನ್ನುವ ಭಾಗ. ಆಮೇಲೆ ಮೆತ್ತಗೆ ಕೇಳಿದರು: "ಸಮುದ್ರದಾಗ ಮುಳುಗಿ ಸತ್ತ ವಿಶ್ವಾಸಿಗಳು ಇಲ್ಲೇನ್ರಿ? ಬೆಂಕಿಗೆ ಹಾಕಿ ಸುಟ್ಟ ರಕ್ತಸಾಕ್ಷಿಗಳು ಇಲ್ಲೇನ್ರಿ? ಧೂಳಿನಿಂದ ಮನುಷ್ಯಾನ್ನ ಮಾಡೂದು ದೇವರಿಗೆ ಮೊದಲಿಂದ ಗೊತ್ತೈತಿ. ನನ್ನ ಕುಣಿ ನೋಡಿ ಹುಡುಕಬೇಕಾಗಿಲ್ಲ ಆತಗ."

ಹಿರಿಯರು ಒಪ್ಪಲಿಲ್ಲ. ಚಹಾ ಕುಡಿದು, ಪ್ರಾರ್ಥನೆ ಮಾಡಿ ಹೋದರು. ನನಗೆ ಮಾತ್ರ ಅವತ್ತಿನಿಂದ ಆ ಕನಸು ಬೀಳಲಿಲ್ಲ.

ಸಭಾಪಾಲಕರನ್ನು ನಾನು ಬೇರೆಯಾಗಿ ಹೋಗಿ ಕಂಡೆ. ಇದನ್ನು ಎಲ್ಲರೂ ಮಾಡಿ, ಸಾವಿನ ರಾತ್ರಿ ಕೇಳುವ ಮಾತಲ್ಲ ಇದು. ಅವರು ಸ್ವಲ್ಪ ಹೊತ್ತು ಯೋಚಿಸಿ, ಆರಾಧನೆ ಪೂರ್ತಿ ಮಾಡೋಣ, ಮನೆಯಲ್ಲೇ ಮಾಡೋಣ ಅಂದರು. "ಮಣ್ಣಿಗೆ ಮಣ್ಣು ಅನ್ನೋ ಜಾಗದಲ್ಲಿ ಏನು ಹೇಳಬೇಕು ಅಂತ ನಾನು ಯೋಚನೆ ಮಾಡಿ ಇಡ್ತೀನಿ" ಅಂತ ಡೈರಿಯಲ್ಲಿ ಬರೆದುಕೊಂಡರು. ನನ್ನ ಅರ್ಧ ಭಾರ ಅಲ್ಲೇ ಇಳಿಯಿತು.

ಹೋದ ಚಳಿಗಾಲದಲ್ಲಿ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದರು. ತೊಡೆಯ ಸಂದು ಮುರಿಯಿತು. ಆಪರೇಷನ್ ಆದರೂ ಮತ್ತೆ ಎದ್ದು ನಡೆಯಲಿಲ್ಲ. ಹಾಸಿಗೆ ಹಿಡಿದ ಒಂದು ತಿಂಗಳಿಗೆ ಸೊಂಟದ ಕೆಳಗೆ ಚರ್ಮ ಕೆಂಪಾಯಿತು. ಹಾಸಿಗೆ ಹುಣ್ಣು ಶುರುವಾಗುವ ಗುರುತು ಅದು. ಅಪ್ಪ ನರ್ಸ್, ಅವರಿಗೆ ನನಗಿಂತ ಮೊದಲೇ ಗೊತ್ತಾಯಿತು. "ಹುಣ್ಣಾಗಿ ಕೊಳೀತಂದ್ರ ಕಾಲೇಜಿನವ್ರು ತಗೊಳ್ಳೂದಿಲ್ಲ, ನೋಡು" ಅಂದರು. ನೋವಿನ ಮಾತಿಲ್ಲ, ಚಿಂತೆ ಅಷ್ಟೇ.

ಇದು ನನಗೆ ಗೊತ್ತೇ ಇರಲಿಲ್ಲ. ವಿಚಾರಿಸಿದಾಗ ತಿಳಿಯಿತು, ಬರೆದುಕೊಟ್ಟ ಎಲ್ಲ ದೇಹವನ್ನೂ ತೆಗೆದುಕೊಳ್ಳುವುದಿಲ್ಲ. ಅಪಘಾತ, ಆತ್ಮಹತ್ಯೆ, ಪೋಸ್ಟ್‌ಮಾರ್ಟಂ ಆದ ದೇಹ ಬೇಡ. ಎಚ್‌ಐವಿ, ಹೆಪಟೈಟಿಸ್ ಬಿ ಇದ್ದರೆ ಬೇಡ. ದೊಡ್ಡ ಹುಣ್ಣು, ಗ್ಯಾಂಗ್ರೀನ್ ಇದ್ದರೂ ಬೇಡ ಅನ್ನುತ್ತಾರೆ. ಆದ್ದರಿಂದ ದೇಹದಾನ ಬರೆದವರ ಮನೆಯವರು ಇನ್ನೊಂದು ದಾರಿಯನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು. ಅಮ್ಮನ ಪಕ್ಕದ ಜಾಗವನ್ನು ನಾವು ಕೊನೆಯವರೆಗೆ ಬಿಟ್ಟುಕೊಡದೆ ಇದ್ದದ್ದು ಅದಕ್ಕೇ.

2,200 ರೂಪಾಯಿಗೆ ಗಾಳಿ ಹಾಸಿಗೆ ತಂದೆವು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ಹಗಲು ನಾನು, ನನ್ನ ಯಜಮಾನರು. ರಾತ್ರಿಗೆ ಜನ ಸಾಲಲಿಲ್ಲ. ತಮ್ಮ ಮೂರು ವಾರ ರಜೆ ಹಾಕಿ ಬಂದ.

ಅವನು ಕಲಿತದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ. ಅಪ್ಪನೇ ಹೇಳಿಕೊಟ್ಟರು. ಒಂದು ಕೈ ಹೆಗಲ ಕೆಳಗೆ, ಇನ್ನೊಂದು ಸೊಂಟದ ಕೆಳಗೆ, ಎಳೆಯಬಾರದು, ಉರುಳಿಸಬೇಕು. ಎಳೆದರೆ ಚರ್ಮ ಹರಿಯುತ್ತದೆ. ಆಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆ, ಉಜ್ಜಬಾರದು, ಒತ್ತಿ ತೆಗೆಯಬೇಕು. ನಂತರ ಒಣಬಟ್ಟೆ, ಕಾಲಿನ ಮಧ್ಯೆ ದಿಂಬು. ಮೊದಲ ರಾತ್ರಿ ತಮ್ಮನ ಕೈ ನಡುಗುತ್ತಿತ್ತು. ಎರಡನೇ ವಾರಕ್ಕೆ ಅಲಾರಂ ಇಲ್ಲದೆಯೇ ಏಳುತ್ತಿದ್ದ. ಅಪ್ಪ ಅವನಿಗೆ ಫಾರ್ಮಿನ ಮಾತು ಆಡಲೇ ಇಲ್ಲ. ಹಳೆಯ ವಾರ್ಡಿನ ಕತೆ ಹೇಳುತ್ತಿದ್ದರು. ಒಂದು ರಾತ್ರಿ ತಮ್ಮ ಕೇಳಿದನಂತೆ, ಯಾರೂ ಬಾರದ ಹೆಣಗಳಿಗೆ ನೀವು ಪ್ರಾರ್ಥನೆ ಮಾಡುತ್ತಿದ್ದಿರಾ ಅಂತ. ಅಪ್ಪ ಹೇಳಿದರಂತೆ: "ಮಾಡ್ತಿದ್ದೆ. ಹೆಸರು ಗೊತ್ತಿರ್ತಿರಲಿಲ್ಲ. 'ಇವನು' ಅಂತಿದ್ದೆ."

ಮಾರನೇ ಬೆಳಿಗ್ಗೆ ತಮ್ಮ ನನ್ನ ಹತ್ತಿರ ಬಂದು, "ಆ ಫಾರ್ಮ್ ಎಲ್ಲೈತಿ?" ಅಂದ. ಸಹಿ ಮಾಡುವಾಗ ಅತ್ತ. ನಾನೂ ಅತ್ತೆ. ಅದೇ ವಾರ ಫಾರ್ಮ್ ಕೊಟ್ಟು ಕಾರ್ಡ್ ತಂದೆವು. ಸೊಂಟದ ಕೆಂಪು ಹುಣ್ಣಾಗಲಿಲ್ಲ, ದೇವರ ದಯೆ.

ಅಪ್ಪ ತೀರಿಕೊಂಡದ್ದು ಒಂದು ಶನಿವಾರ ರಾತ್ರಿ, ಒಂಬತ್ತು ನಲವತ್ತಕ್ಕೆ. ನನ್ನ ಕೈ ಹಿಡಿದುಕೊಂಡೇ ಹೋದರು. ಆ ಹೊತ್ತಿನ ಬಗ್ಗೆ ಹೆಚ್ಚು ಬರೆಯಲಾರೆ.

ಬರೆಯಬೇಕಾದದ್ದು ಆಮೇಲಿನ ಆರು ತಾಸಿನ ಬಗ್ಗೆ. ಅಪ್ಪ ಕಣ್ಣನ್ನೂ ಬರೆದಿದ್ದರು. ಕಣ್ಣು ಕೊಟ್ಟರೂ ದೇಹ ತೆಗೆದುಕೊಳ್ಳುತ್ತಾರೆ ಅಂತ ಮೊದಲೇ ಕೇಳಿಕೊಂಡಿದ್ದೆವು. ಕಣ್ಣನ್ನು ಆರು ತಾಸಿನೊಳಗೆ ತೆಗೆಯಬೇಕು. ಕಣ್ಣು ಮುಚ್ಚಿ, ಒದ್ದೆ ಹತ್ತಿ ಇಟ್ಟು, ತಲೆಯ ಕೆಳಗೆ ದಿಂಬು ಕೊಟ್ಟು, ಫ್ಯಾನ್ ಬಂದ್ ಮಾಡಿದೆವು. ಅಪ್ಪನಿಗೆ ಎರಡೂ ಕಣ್ಣಿನ ಪೊರೆ ಆಪರೇಷನ್ ಆಗಿತ್ತು. ಆದರೂ ಕೊಡಬಹುದು, ಅವರು ತೆಗೆದುಕೊಳ್ಳುವುದು ಮುಂದಿನ ಪಾರದರ್ಶಕ ಪದರ ಮಾತ್ರ.

ಆದರೆ ಡಾಕ್ಟರ್ ಸರ್ಟಿಫಿಕೇಟ್ ಇಲ್ಲದೆ ಏನೂ ಮುಂದೆ ಹೋಗುವುದಿಲ್ಲ. ನಮ್ಮ ಕಾಯಂ ಡಾಕ್ಟರ್ ಊರಲ್ಲಿರಲಿಲ್ಲ. ಹತ್ತಿರದ ಇನ್ನೊಬ್ಬರು, ತಾವು ನೋಡದ ಪೇಷಂಟಿಗೆ ಸಹಿ ಹಾಕುವುದಿಲ್ಲ ಅಂದರು. ಅವರದೂ ತಪ್ಪಲ್ಲ. ಮೂರನೆಯವರು ಫೋನ್ ಎತ್ತಲಿಲ್ಲ. ಗಡಿಯಾರ ನೋಡುತ್ತ ನಾನು ಒಳಗೊಳಗೇ ಪ್ರಾರ್ಥಿಸುತ್ತಿದ್ದೆ, ಮೂರು ವರ್ಷ ಕಾದದ್ದು ಒಂದು ಸಹಿಗೆ ನಿಲ್ಲದಿರಲಿ ಅಂತ. ಕೊನೆಗೆ, ಮುಂಚೆ ಒಮ್ಮೆ ಮನೆಗೆ ಬಂದು ಅಪ್ಪನ ಸೊಂಟ ನೋಡಿ ಹೋಗಿದ್ದ ಡಾಕ್ಟರ್ ಹನ್ನೊಂದೂವರೆಗೆ ಬಂದರು. ಹಳೆಯ ಡಿಸ್ಚಾರ್ಜ್ ಕಾಗದ ನೋಡಿ, ಸಾವಿನ ಕಾರಣ ಬರೆದು ಸಹಿ ಹಾಕಿದರು. ಮನೆಯಲ್ಲಿ ಸಾವಾದರೆ ಬೇಕಾಗುವುದು, ಡಾಕ್ಟರ್ ಸಾವಿನ ಕಾರಣ ಬರೆದುಕೊಡುವ ಫಾರ್ಮ್ 4ಎ. ಮನೆಯಲ್ಲಿ ವಯಸ್ಸಾದವರಿದ್ದರೆ ಒಬ್ಬರಲ್ಲ, ಇಬ್ಬರು ಡಾಕ್ಟರ ಹತ್ತಿರ ಇದನ್ನು ಮೊದಲೇ ಮಾತಾಡಿಡಿ.

ನೇತ್ರ ಬ್ಯಾಂಕಿನ ಹುಡುಗರು ಒಂದೂಕಾಲಿಗೆ ಬಂದರು. ಇಪ್ಪತ್ತು ನಿಮಿಷದ ಕೆಲಸ, ಸ್ವಲ್ಪ ರಕ್ತದ ಸ್ಯಾಂಪಲ್ ಕೂಡ ತೆಗೆದುಕೊಂಡರು. ಹೋಗುವ ಮೊದಲು ಇಬ್ಬರೂ ಅಪ್ಪನ ಪಾದ ಮುಟ್ಟಿದರು. ಮುಖ ನೋಡಿದರೆ ಸುಮ್ನೆ ನಿದ್ದೆ ಮಾಡಿದ ಹಾಗೇ ಇತ್ತು.

ಇನ್ನು ಕಾಲೇಜು. ಕಾರ್ಡಿನಲ್ಲಿದ್ದ ನಂಬರ್ ರಿಂಗಾಗುತ್ತಲೇ ಇತ್ತು, ಎತ್ತುವವರಿಲ್ಲ. ಶನಿವಾರ ರಾತ್ರಿ, ಮರುದಿನ ಭಾನುವಾರ. 3,500 ರೂಪಾಯಿಗೆ ಫ್ರೀಜರ್ ಪೆಟ್ಟಿಗೆ ತರಿಸಿದೆವು. ಕರೆಂಟ್ ಹೋದರೆ ಏನು ಗತಿ ಅಂತ ತಮ್ಮ ಪಕ್ಕದಲ್ಲೇ ಕೂತ. ಬೆಳಗಿನ ಜಾವ ನಾದಿನಿಯ ಮಗಳ ಗೆಳತಿ, ಅದೇ ಕಾಲೇಜಿನ ವಿದ್ಯಾರ್ಥಿನಿ, ವಿಭಾಗದ ಸಿಬ್ಬಂದಿಯೊಬ್ಬರ ನಂಬರ್ ಹುಡುಕಿ ಕೊಟ್ಟಳು. ಅವರು ಎದ್ದ ಕೂಡಲೇ ವ್ಯವಸ್ಥೆ ಮಾಡಿದರು: ಇವತ್ತು ಶವಾಗಾರದಲ್ಲಿ ಇಡೋಣ, ನಾಳೆ ಕಾಗದ. ದಯವಿಟ್ಟು ಕಾರ್ಡಿನ ಒಂದೇ ನಂಬರ್ ನೆಚ್ಚಿಕೊಳ್ಳಬೇಡಿ. ಮೂರು ಮೊಬೈಲ್ ನಂಬರ್ ಬರೆದುಕೊಳ್ಳಿ, ಆರು ತಿಂಗಳಿಗೊಮ್ಮೆ ಫೋನ್ ಮಾಡಿ ನೋಡಿ. ರಜೆಯ ದಿನ ಏನು ಮಾಡಬೇಕು ಅಂತ ಮೊದಲೇ ಕೇಳಿಡಿ.

ಭಾನುವಾರ ಹತ್ತು ಗಂಟೆಗೆ ಮನೆಯ ಮುಂದೆ ಪೆಂಡಾಲ್ ಹಾಕಿ ಆರಾಧನೆ ಮಾಡಿದೆವು. ಸಭೆಯವರು ಚರ್ಚಿನ ಆರಾಧನೆ ಬೇಗ ಮುಗಿಸಿಕೊಂಡು ಬಂದಿದ್ದರು. ಕೀರ್ತನೆ ಹಾಡಿದರು. ಸಭಾಪಾಲಕರು 'ಮಣ್ಣಿಗೆ ಮಣ್ಣು' ಅನ್ನುವ ಜಾಗಕ್ಕೆ ಬಂದಾಗ ಒಂದು ಕ್ಷಣ ನಿಂತರು. ಆಮೇಲೆ, ಈ ದೇಹವನ್ನು ಮಣ್ಣಿಗಿಂತ ಮೊದಲು ಕಲಿಯುವವರ ಕೈಗೆ ಒಪ್ಪಿಸುತ್ತೇವೆ, ಕರ್ತನೇ, ಆ ಕೈಗಳನ್ನು ಆಶೀರ್ವದಿಸು ಅಂದರು.

ಆಂಬುಲೆನ್ಸಿನ ಬಾಗಿಲು ಮುಚ್ಚಿದಾಗ ಒಂದು ವಿಚಿತ್ರ ಆಯಿತು. ನಮ್ಮಲ್ಲಿ ಕುಣಿಗೆ ಇಳಿಸಿದ ಮೇಲೆ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕುತ್ತಾರೆ. ಇಲ್ಲಿ ಮಣ್ಣಿಲ್ಲ. ಜನ ಖಾಲಿ ಕೈಯಲ್ಲಿ ನಿಂತಿದ್ದರು. ಯಾರಿಗೂ ಏನು ಮಾಡಬೇಕು ತಿಳಿಯಲಿಲ್ಲ. ನನ್ನ ಕೈಯೂ ಮುಷ್ಟಿ ಕಟ್ಟಿಕೊಂಡೇ ಇತ್ತು. ಅವತ್ತಿನ ಎಲ್ಲಕ್ಕಿಂತ ಅದು ನನಗೆ ಜಾಸ್ತಿ ಕಷ್ಟ ಆಯಿತು, ಈಗಲೂ ಆಗುತ್ತದೆ. ಇದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿರಿ.

ಆಂಬುಲೆನ್ಸಿಗೆ 1,500 ಕೊಟ್ಟೆವು. ಕೆಲವು ಕಾಲೇಜಿನವರು ತಾವೇ ಗಾಡಿ ಕಳಿಸುತ್ತಾರೆ. ದೇಹಕ್ಕಾಗಿ ಕಾಲೇಜಿನವರು ದುಡ್ಡು ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ, ಯಾರಾದರೂ ಕೇಳಿದರೆ ನಂಬಬೇಡಿ. ಸೋಮವಾರ ಕಾಗದ ಮುಗಿಸಲು ಹೋದಾಗ ಆಧಾರ್ ಪ್ರತಿ, ಡಾಕ್ಟರ್ ಸರ್ಟಿಫಿಕೇಟ್, ಕಾರ್ಡ್, ನಮ್ಮಿಬ್ಬರ ಸಹಿ ತೆಗೆದುಕೊಂಡು ರಸೀದಿ ಕೊಟ್ಟರು. ಆ ಮೇಡಂ ಒಂದು ಮಾತು ಹೇಳಿದರು. ಮೊದಲ ವರ್ಷದ ಎಂಬಿಬಿಎಸ್ ಮಕ್ಕಳು ದೇಹವನ್ನು ಮುಟ್ಟುವ ಮೊದಲು ಎದ್ದು ನಿಂತು ಗೌರವದ ಪ್ರತಿಜ್ಞೆ ಮಾಡುತ್ತಾರಂತೆ. ಮೌನವಾಗಿ ಕಲಿಸುವ ಮೊದಲ ಗುರು ಅಂತ ಹೇಳಿಕೊಡುತ್ತಾರಂತೆ. ತಮ್ಮ ಅದನ್ನು ಇನ್ನೊಮ್ಮೆ ಹೇಳಿಸಿಕೊಂಡ.

ಆ ರಸೀದಿಯನ್ನು ಜೋಪಾನವಾಗಿಡಿ. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ನೋಂದಣಿ ಕಚೇರಿಯಲ್ಲಿ ಮೊದಲು ಕೇಳುವುದು ಸ್ಮಶಾನದ ಚೀಟಿ. ಇಲ್ಲ ಅಂದಾಗ ಅಲ್ಲಿದ್ದವರು ಗಲಿಬಿಲಿಯಾದರು, ಎರಡು ದಿನ ಬಿಟ್ಟು ಬನ್ನಿ ಅಂದರು. ಎರಡನೇ ಸಲ ಕಾಲೇಜಿನ ರಸೀದಿಯ ಪ್ರತಿ, ಫಾರ್ಮ್ 4ಎ ಎರಡೂ ಕೊಟ್ಟ ಮೇಲೆ ಕೆಲಸ ಆಯಿತು. ಮರಣ ಪ್ರಮಾಣ ಪತ್ರ ಹತ್ತು ಪ್ರತಿ ತೆಗೆಸಿಕೊಳ್ಳಿ, ಪೆನ್ಶನ್, ಬ್ಯಾಂಕ್, ಎಲ್‌ಐಸಿ ಎಲ್ಲದಕ್ಕೂ ಬೇಕು.

ಹೋದ ವಾರ ತಮ್ಮ ಮತ್ತೆ ಬಂದಿದ್ದ. ಇಬ್ಬರೂ ಬೆಟಗೇರಿಗೆ ಹೋದೆವು. ಅಮ್ಮನ ಕಲ್ಲಿನ ಮೇಲೆ, ಅವರ ಹೆಸರಿನ ಕೆಳಗೆ ಅಪ್ಪನ ಹೆಸರು ಕೆತ್ತಿಸಲು ಸಮಾಧಿ ಕಮಿಟಿಯ ಅನುಮತಿ ಕೇಳಿದ್ದೆವು, ಕೊಟ್ಟರು. ಕಲ್ಲು ಕೆತ್ತುವವನು ಸೀಸದಕಡ್ಡಿಯಿಂದ ಅಳತೆ ಹಾಕುತ್ತ ಕೇಳಿದ: "ಅವ್ವಾರ ಹೆಸರಿನ ಮ್ಯಾಲೆ 'ಇಲ್ಲಿ ವಿಶ್ರಮಿಸುತ್ತಾರೆ' ಅಂತ ಐತ್ರಿ. ಇವರು ಇಲ್ಲಿ ಇಲ್ಲಲ್ರಿ. ಏನ್ ಬರೀಲಿ?"

ತಮ್ಮ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಹೆಸರು, ಹುಟ್ಟಿದ ವರ್ಷ, ತೀರಿಕೊಂಡ ವರ್ಷ, ಅದರ ಕೆಳಗೆ "ನರ್ಸ್" ಅಂತ ಬರೆಯಿರಿ ಅಂದ ತಮ್ಮ. 1,800 ರೂಪಾಯಿ ಆಯಿತು. ಪಕ್ಕದ ಖಾಲಿ ಜಾಗ ನಮಗೆ ಬೇಡ, ಜಾಗ ಇಲ್ಲದ ಮನೆಯವರಿಗೆ ಕೊಡಿ ಅಂತ ಕಮಿಟಿಗೆ ಬರೆದುಕೊಟ್ಟು, ಇಬ್ಬರೂ ಸಹಿ ಮಾಡಿ, ಸಂಜೆಯ ಬಸ್ಸಿಗೆ ಹುಬ್ಬಳ್ಳಿಗೆ ಬಂದೆವು.